ಲ್ಯಾಟರಲ್ ಎಂಟ್ರಿ ಎಂದರೇನು? ಹೊರಗಿನವರು ಅಧಿಕಾರಿಗಳಾದರೆ ವಡಾಲದ ಕೌಂಟರ್‌ನಲ್ಲಿ ಏನು ಬದಲಾಗುತ್ತದೆ?

2024ರ ಆಗಸ್ಟ್ 17ರಂದು ಕೇಂದ್ರ ಲೋಕಸೇವಾ ಆಯೋಗ (ಯುಪಿಎಸ್‌ಸಿ) ಒಂದು ಜಾಹೀರಾತು ಹೊರಡಿಸಿತು. ಕೇಂದ್ರ ಸರ್ಕಾರದ 24 ಸಚಿವಾಲಯಗಳಲ್ಲಿ 45 ಹಿರಿಯ ಹುದ್ದೆಗಳಿಗೆ ಹೊರಗಿನ ತಜ್ಞರು ಬೇಕಾಗಿದ್ದರು. ಸಿವಿಲ್ ಸರ್ವೀಸ್ ಪರೀಕ್ಷೆ ಬರೆಯಬೇಕಿಲ್ಲ, ಅನುಭವ ಮತ್ತು ಸಂದರ್ಶನ ಸಾಕು. ಆದರೆ ಮೂರೇ ದಿನದಲ್ಲಿ, ಅಂದರೆ ಆಗಸ್ಟ್ 20ರಂದು, ಜಾಹೀರಾತು ರದ್ದುಪಡಿಸುವಂತೆ ಕೋರಿ ಸಿಬ್ಬಂದಿ ಖಾತೆಯ ರಾಜ್ಯ ಸಚಿವ ಜಿತೇಂದ್ರ ಸಿಂಗ್ ಆಯೋಗದ ಅಧ್ಯಕ್ಷರಿಗೆ ಪತ್ರ ಬರೆದರು. ಮೀಸಲಾತಿ ಇಲ್ಲ ಎಂಬುದೇ ಮುಖ್ಯ ತಕರಾರಾಗಿತ್ತು.

ಆ ಮೂರು ದಿನಗಳ ಗದ್ದಲದಲ್ಲಿ ಚರ್ಚೆಯೆಲ್ಲ 'ಯಾರು ಬರಬೇಕು' ಎಂಬುದರ ಸುತ್ತ ನಡೆಯಿತು. ಬಂದವರ ಕೆಲಸವನ್ನು ಅಳೆಯುವವರು ಯಾರು, ಮೊದಲಿನಿಂದ ಒಳಗಿರುವ ಲಕ್ಷಾಂತರ ನೌಕರರಿಗೆ ಹೊಸ ಕೆಲಸ ಕಲಿಸುವವರು ಯಾರು ಎಂಬ ಪ್ರಶ್ನೆಗಳು ಹಿಂದೆ ಸರಿದವು. ನೇಮಕಾತಿ, ಮೌಲ್ಯಮಾಪನ, ತರಬೇತಿ ಈ ಮೂರೂ ಸೇರಿದರಷ್ಟೇ ಆಡಳಿತ ಸುಧಾರಣೆ. ಒಂದನ್ನೇ ಹಿಡಿದರೆ ಮೂರು ಕಾಲಿನ ಮಣೆಗೆ ಒಂದೇ ಕಾಲು ಇಟ್ಟಂತೆ. ಈ ಮೂರರ ಹಿನ್ನೆಲೆ, ನಿಯಮ ಮತ್ತು ಇದುವರೆಗಿನ ಅನುಭವದ ಮಾಹಿತಿ ಇಲ್ಲಿದೆ.

ವಡಾಲದಿಂದ ನೋಡಿದರೆ

ಮುಂಬೈನ ವಡಾಲದಲ್ಲಿ ಸರ್ಕಾರದ ಎಲ್ಲ ಮುಖಗಳೂ ಒಂದೇ ಕಡೆ ಸಿಗುತ್ತವೆ. ಟ್ರಕ್ ಟರ್ಮಿನಲ್ ಬಳಿ ಮುಂಬೈ ಪೂರ್ವದ ಆರ್‌ಟಿಒ ಕಚೇರಿ ಇದೆ. ಅದು ರಾಜ್ಯ ಸರ್ಕಾರದ್ದು. ಪೂರ್ವ ಭಾಗದಲ್ಲಿ ಮುಂಬೈ ಬಂದರಿನ ಆಸ್ಪತ್ರೆ ಮತ್ತು ನೌಕರರ ವಸತಿಗಳಿವೆ. ಅವು ಕೇಂದ್ರ ಬಂದರು ಸಚಿವಾಲಯದ ವ್ಯಾಪ್ತಿಗೆ ಬರುತ್ತವೆ. ಬೆಸ್ಟ್ ಬಸ್ ಡಿಪೊ ಮಹಾನಗರ ಪಾಲಿಕೆಯ ಉದ್ಯಮಕ್ಕೆ ಸೇರಿದ್ದು. ಮೊನೊರೈಲಿನ ಡಿಪೊ ರಾಜ್ಯದ ಅಭಿವೃದ್ಧಿ ಪ್ರಾಧಿಕಾರ ಎಂಎಂಆರ್‌ಡಿಎ ಕಟ್ಟಿಸಿದ್ದು.

ಇದೇ ವಡಾಲದಲ್ಲಿ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯ ವಿದ್ಯಾಸಂಸ್ಥೆಯೂ ಇದೆ. ಇಂಥ ಶಾಲೆಗಳಲ್ಲಿ ಕಲಿತ ಮುಂಬೈ ಕನ್ನಡಿಗರ ಮಕ್ಕಳಿಗೆ ಸರ್ಕಾರಿ ಕೆಲಸ ಎಂದರೆ ಎರಡು ರೀತಿಯ ಸಂಬಂಧ: ಒಂದು, ಪರೀಕ್ಷೆ ಬರೆದು ಒಳಗೆ ಹೋಗುವ ಕನಸು, ಇನ್ನೊಂದು, ಲೈಸೆನ್ಸಿಗೋ ಪ್ರಮಾಣಪತ್ರಕ್ಕೋ ಕೌಂಟರ್ ಮುಂದೆ ಸಾಲು ನಿಲ್ಲುವ ಅನುಭವ. ದೆಹಲಿಯಲ್ಲಿ ನಡೆಯುವ ಸುಧಾರಣೆಯ ಲಾಭ ಕೊನೆಗೆ ಈ ಎರಡೂ ಕಡೆ ಕಾಣಬೇಕು.

ಲ್ಯಾಟರಲ್ ಎಂಟ್ರಿ ಎಂದರೇನು?

ಸಾಮಾನ್ಯವಾಗಿ ಐಎಎಸ್ ಅಧಿಕಾರಿಯೊಬ್ಬರು ಯುಪಿಎಸ್‌ಸಿಯ ಮೂರು ಹಂತದ ಪರೀಕ್ಷೆ ಬರೆದು ಸೇವೆಗೆ ಸೇರುತ್ತಾರೆ. ಜಿಲ್ಲೆ, ರಾಜ್ಯ ಸಚಿವಾಲಯ ಎಂದು ಹಂತ ಹಂತವಾಗಿ ಮೇಲೇರಿ, ದಶಕಕ್ಕೂ ಹೆಚ್ಚು ಕಾಲ ಕೆಲಸ ಮಾಡಿದ ಮೇಲೆ ಕೇಂದ್ರದಲ್ಲಿ ಜಂಟಿ ಕಾರ್ಯದರ್ಶಿಯ ಮಟ್ಟ ತಲುಪುತ್ತಾರೆ. ಈ ಏಣಿಯನ್ನು ಹತ್ತದೆ, ಪಕ್ಕದ ಬಾಗಿಲಿನಿಂದ ನೇರವಾಗಿ ಆ ಮಟ್ಟದ ಹುದ್ದೆಗೆ ಬರುವುದೇ ಲ್ಯಾಟರಲ್ ಎಂಟ್ರಿ.

2024ರ ಜಾಹೀರಾತಿನಲ್ಲಿ 10 ಜಂಟಿ ಕಾರ್ಯದರ್ಶಿ ಹುದ್ದೆಗಳು ಮತ್ತು 35 ನಿರ್ದೇಶಕ ಹಾಗೂ ಉಪ ಕಾರ್ಯದರ್ಶಿ ಹುದ್ದೆಗಳಿದ್ದವು. ಜಂಟಿ ಕಾರ್ಯದರ್ಶಿಗೆ ಕನಿಷ್ಠ 15 ವರ್ಷ, ನಿರ್ದೇಶಕರಿಗೆ 10 ವರ್ಷ, ಉಪ ಕಾರ್ಯದರ್ಶಿಗೆ 7 ವರ್ಷಗಳ ಅನುಭವ ಕೇಳಲಾಗಿತ್ತು. ಖಾಸಗಿ ಕಂಪನಿ, ಸಾರ್ವಜನಿಕ ಉದ್ದಿಮೆ, ವಿಶ್ವವಿದ್ಯಾಲಯ ಮತ್ತು ರಾಜ್ಯ ಸರ್ಕಾರಗಳಲ್ಲಿ ಇರುವವರು ಅರ್ಜಿ ಹಾಕಬಹುದಿತ್ತು. ಕೇಂದ್ರ ಸರ್ಕಾರದ ನೌಕರರಿಗೆ ಅವಕಾಶ ಇರಲಿಲ್ಲ. ಅವಧಿ ಮೂರು ವರ್ಷ. ಕೆಲಸ ತೃಪ್ತಿಕರವಾಗಿದ್ದರೆ ಐದು ವರ್ಷಕ್ಕೆ ವಿಸ್ತರಣೆ.

ಗಮನಿಸಿ: ಇದು ಐಎಎಸ್‌ಗೆ ಸೇರ್ಪಡೆ ಅಲ್ಲ. ಹೀಗೆ ಬಂದವರು ಗುತ್ತಿಗೆ ಅಥವಾ ಎರವಲು ಸೇವೆಯ ಮೇಲೆ ನಿರ್ದಿಷ್ಟ ಹುದ್ದೆಯಲ್ಲಿ ಮಾತ್ರ ಇರುತ್ತಾರೆ. ಅವಧಿ ಮುಗಿದರೆ ಹೊರಡುತ್ತಾರೆ.

ಮುಂಬೈಯಿಂದ ಮೈಸೂರಿಗೆ ಬಂದ ಎಂಜಿನಿಯರ್

ಹೊರಗಿನಿಂದ ಕರೆತರುವ ಪದ್ಧತಿ ಕನ್ನಡಿಗರಿಗೆ ಹೊಸದಲ್ಲ. ಹಳೆಯ ಮೈಸೂರು ಸಂಸ್ಥಾನದಲ್ಲಿ ಉನ್ನತ ಹುದ್ದೆಗಳಿಗೆ ಮದ್ರಾಸ್ ಪ್ರಾಂತ್ಯದಿಂದ ಅಧಿಕಾರಿಗಳನ್ನು ತರಲಾಗುತ್ತಿತ್ತು. 1883ರಿಂದ 1901ರವರೆಗೆ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ಮೂಲ ಪಾಲಕ್ಕಾಡ್. ಅವರ ಕಾಲದಲ್ಲೇ ಮೈಸೂರು ಸಿವಿಲ್ ಸರ್ವೀಸ್‌ಗೆ ಸ್ಪರ್ಧಾತ್ಮಕ ಪರೀಕ್ಷೆ ಶುರುವಾಯಿತು. ಆದರೂ 'ಮೈಸೂರು ಮೈಸೂರಿನವರಿಗೆ' ಎಂಬ ಅಸಮಾಧಾನ ಬಲವಾಗುತ್ತಲೇ ಹೋಯಿತು.

ಸರ್ ಎಂ. ವಿಶ್ವೇಶ್ವರಯ್ಯ ಅವರ ದಾರಿ ಇನ್ನೂ ಕುತೂಹಲಕರ. ಪುಣೆಯಲ್ಲಿ ಎಂಜಿನಿಯರಿಂಗ್ ಓದಿದ ಅವರು 1884ರಲ್ಲಿ ಮುಂಬೈ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಆಗಿ ಸೇರಿದರು. ಖಡಕವಾಸ್ಲಾ ಜಲಾಶಯದ ಸ್ವಯಂಚಾಲಿತ ಗೇಟುಗಳು ಅವರಿಗೆ ಹೆಸರು ತಂದವು. ಮುಂಬೈ ಸೇವೆಯಿಂದ ನಿವೃತ್ತರಾದ ಮೇಲೆ 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು, 1912ರಲ್ಲಿ ದಿವಾನರಾದರು. ಹುಟ್ಟಿದ್ದು ಮೈಸೂರು ಸಂಸ್ಥಾನದ ಮುದ್ದೇನಹಳ್ಳಿಯಲ್ಲೇ ಆದರೂ ಸಂಸ್ಥಾನದ ಸೇವಾ ಏಣಿಯನ್ನು ಅವರು ಕೆಳಗಿನಿಂದ ಹತ್ತಿ ಬಂದವರಲ್ಲ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದೂ ಒಂದು ಲ್ಯಾಟರಲ್ ಎಂಟ್ರಿಯೇ.

ಅದೇ ಕಾಲದಲ್ಲಿ ಇಂದಿನ ತಕರಾರೂ ಹುಟ್ಟಿತು. ಸರ್ಕಾರಿ ಸೇವೆಯಲ್ಲಿ ಒಂದೇ ಸಮುದಾಯದವರು ತುಂಬಿದ್ದಾರೆ ಎಂಬ ದೂರಿನ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಪ್ರತಿಭೆಯೊಂದೇ ಅಳತೆಗೋಲಾಗಬೇಕು ಎಂದು ನಂಬಿದ್ದ ವಿಶ್ವೇಶ್ವರಯ್ಯ ಇದಕ್ಕೆ ಒಪ್ಪಲಿಲ್ಲ. ಆ ವರ್ಷದ ಕೊನೆಗೆ ದಿವಾನಗಿರಿ ಬಿಟ್ಟರು. ಏಳು ವರ್ಷದೊಳಗೆ ಮೇಲ್ದರ್ಜೆಯ ಹುದ್ದೆಗಳಲ್ಲಿ ಕನಿಷ್ಠ ಅರ್ಧ, ಕೆಳದರ್ಜೆಯಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರ ಸಮುದಾಯಗಳಿಗೆ ಸಿಗಬೇಕು ಎಂದು ಮಿಲ್ಲರ್ ಸಮಿತಿ ಶಿಫಾರಸು ಮಾಡಿತು.

ಪರಿಣತಿ ಮುಖ್ಯವೋ, ಪ್ರಾತಿನಿಧ್ಯ ಮುಖ್ಯವೋ ಎಂಬ 2024ರ ಜಗಳ ಮೈಸೂರಿನಲ್ಲಿ ನೂರು ವರ್ಷ ಮೊದಲೇ ನಡೆದಿತ್ತು. ಎರಡನ್ನೂ ಬಿಡಲಾಗದು ಎಂಬುದು ಆ ಇತಿಹಾಸದ ಪಾಠ. ವಿಶ್ವೇಶ್ವರಯ್ಯ ಅವರಂಥ ಪರಿಣತರಿಲ್ಲದೆ ಕನ್ನಂಬಾಡಿ ಏಳುತ್ತಿರಲಿಲ್ಲ. ಮಿಲ್ಲರ್ ವರದಿ ಇಲ್ಲದಿದ್ದರೆ ಸಂಸ್ಥಾನದ ಬಹುಸಂಖ್ಯಾತರಿಗೆ ಕಚೇರಿಯ ಬಾಗಿಲು ಅಷ್ಟು ಬೇಗ ತೆರೆಯುತ್ತಿರಲಿಲ್ಲ.

ಎರಡು ಆಯೋಗ, ಇಬ್ಬರು ಕನ್ನಡಿಗರು

ಸ್ವತಂತ್ರ ಭಾರತ ರಚಿಸಿದ ಎರಡೂ ಆಡಳಿತ ಸುಧಾರಣಾ ಆಯೋಗಗಳನ್ನು ಮುನ್ನಡೆಸಿದವರಲ್ಲಿ ಕರ್ನಾಟಕದ ಮಾಜಿ ಮುಖ್ಯಮಂತ್ರಿಗಳಿದ್ದಾರೆ. ಮೊದಲ ಆಯೋಗ 1966ರಲ್ಲಿ ಮೊರಾರ್ಜಿ ದೇಸಾಯಿ ಅಧ್ಯಕ್ಷತೆಯಲ್ಲಿ ಆರಂಭವಾಯಿತು. ಮರುವರ್ಷ ದೇಸಾಯಿ ಉಪ ಪ್ರಧಾನಿಯಾದಾಗ ಅಧ್ಯಕ್ಷತೆ ಕೆಂಗಲ್ ಹನುಮಂತಯ್ಯ ಅವರಿಗೆ ಬಂತು. ವಿಧಾನಸೌಧ ಕಟ್ಟಿಸಿದ ಹನುಮಂತಯ್ಯ ಅವರ ಆಯೋಗ ಒಟ್ಟು 20 ವರದಿ ಕೊಟ್ಟಿತು. ಎಲ್ಲ ಕೆಲಸಕ್ಕೂ ಒಬ್ಬನೇ ಸಾಮಾನ್ಯ ಆಡಳಿತಗಾರ ಎಂಬ ಪದ್ಧತಿ ಸಾಲದು, ವಿಷಯವಾರು ಪರಿಣತಿ ಬೆಳೆಯಬೇಕು, ಹಿರಿಯ ಹುದ್ದೆಗಳ ದಾರಿ ಎಲ್ಲ ಸೇವೆಗಳ ಸಮರ್ಥರಿಗೂ ತೆರೆದಿರಬೇಕು ಎಂದು 1969ರ ಸಿಬ್ಬಂದಿ ಆಡಳಿತ ವರದಿ ಹೇಳಿತು.

ಎರಡನೇ ಆಯೋಗ 2005ರ ಆಗಸ್ಟ್‌ನಲ್ಲಿ ಎಂ. ವೀರಪ್ಪ ಮೊಯಿಲಿ ಅಧ್ಯಕ್ಷತೆಯಲ್ಲಿ ರಚನೆಯಾಯಿತು. ಅದರ 10ನೇ ವರದಿ 2008ರ ನವೆಂಬರ್‌ನಲ್ಲಿ ಸಲ್ಲಿಕೆಯಾಯಿತು. ಅದರಲ್ಲಿ ನೇಮಕಾತಿ, ಮೌಲ್ಯಮಾಪನ, ತರಬೇತಿ ಮೂರನ್ನೂ ಒಂದೇ ಚೌಕಟ್ಟಿನಲ್ಲಿ ಇಡಲಾಗಿತ್ತು. ಕಾನೂನಿನ ಮೂಲಕ ಕೇಂದ್ರ ನಾಗರಿಕ ಸೇವಾ ಪ್ರಾಧಿಕಾರ ರಚಿಸಿ, ಯಾವ ಹಿರಿಯ ಹುದ್ದೆಗೆ ಹೊರಗಿನವರನ್ನು ಆಹ್ವಾನಿಸಬೇಕು ಎಂಬುದನ್ನು ಆ ಪ್ರಾಧಿಕಾರವೇ ತೀರ್ಮಾನಿಸಬೇಕು ಎಂದಿತ್ತು. ಪ್ರತಿ ಅಧಿಕಾರಿಯ ಕೆಲಸವನ್ನು 14ನೇ ವರ್ಷ ಮತ್ತು 20ನೇ ವರ್ಷದಲ್ಲಿ ಆಳವಾಗಿ ಪರಿಶೀಲಿಸಬೇಕು, 20 ವರ್ಷದ ಪರಿಶೀಲನೆಯಲ್ಲಿ ಅನರ್ಹರೆಂದು ಕಂಡವರ ಸೇವೆ ಮುಗಿಸಬೇಕು ಎಂಬ ಸಲಹೆಯೂ ಇತ್ತು.

ಆ ಪ್ರಾಧಿಕಾರ ಇದುವರೆಗೆ ರಚನೆಯಾಗಿಲ್ಲ. ಮುಂದೆ ಲ್ಯಾಟರಲ್ ಎಂಟ್ರಿ ಜಾರಿಗೆ ಬಂದಾಗ ವರದಿಯ ಒಂದು ತುಂಡು ಮಾತ್ರ ಕೈಗೆ ಬಂದಂತಾಯಿತು.

2018ರಿಂದ 2024: ಅಂಕಿ ಅಂಶ

ಇದಕ್ಕೂ ಮೊದಲು ಹೊರಗಿನವರು ಬಂದಿರಲಿಲ್ಲ ಎಂದಲ್ಲ. ಡಾ. ಮನಮೋಹನ್ ಸಿಂಗ್ 1971ರಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕ ವೃತ್ತಿಯಿಂದ ವಾಣಿಜ್ಯ ಸಚಿವಾಲಯದ ಆರ್ಥಿಕ ಸಲಹೆಗಾರರಾಗಿ ಬಂದರು. ಮಾಂಟೆಕ್ ಸಿಂಗ್ ಅಹ್ಲುವಾಲಿಯಾ 1979ರಲ್ಲಿ ವಿಶ್ವ ಬ್ಯಾಂಕಿನಿಂದ ಹಣಕಾಸು ಸಚಿವಾಲಯಕ್ಕೆ ಬಂದರು. ಬೆಂಗಳೂರಿನ ನಂದನ್ ನಿಲೇಕಣಿ 2009ರಲ್ಲಿ ಇನ್ಫೋಸಿಸ್ ಬಿಟ್ಟು ಆಧಾರ್ ಪ್ರಾಧಿಕಾರದ ಅಧ್ಯಕ್ಷರಾದರು. ಇವೆಲ್ಲ ವ್ಯಕ್ತಿಯನ್ನು ನೋಡಿ ಮಾಡಿದ ನೇಮಕಗಳು. ಜಾಹೀರಾತು ಕೊಟ್ಟು, ಅರ್ಜಿ ಕರೆದು ಮಾಡುವ ವ್ಯವಸ್ಥೆ ಬಂದದ್ದು 2018ರಲ್ಲಿ.

* 2018ರ ಜೂನ್: 10 ಜಂಟಿ ಕಾರ್ಯದರ್ಶಿ ಹುದ್ದೆಗಳಿಗೆ ಮೊದಲ ಜಾಹೀರಾತು. ಬಂದ ಅರ್ಜಿ 6,077. ರಸ್ತೆ ಸಾರಿಗೆ ಮತ್ತು ನೌಕಾಯಾನ ಸಚಿವಾಲಯಗಳೂ ಪಟ್ಟಿಯಲ್ಲಿದ್ದವು.

* 2019ರ ಏಪ್ರಿಲ್: 9 ಮಂದಿ ಆಯ್ಕೆ.

* 2021: ಎರಡನೇ ಸುತ್ತಿನಲ್ಲಿ 31 ಮಂದಿ ಆಯ್ಕೆ. ಇವರಲ್ಲಿ 3 ಜಂಟಿ ಕಾರ್ಯದರ್ಶಿ, 19 ನಿರ್ದೇಶಕ, 9 ಉಪ ಕಾರ್ಯದರ್ಶಿ.

* 2024ರ ಆಗಸ್ಟ್: ಅಲ್ಲಿಯವರೆಗಿನ ಒಟ್ಟು ನೇಮಕ 63, ಕೆಲಸದಲ್ಲಿದ್ದವರು 57 ಎಂದು ಸರ್ಕಾರದ ಮಾಹಿತಿ.

ಐಎಎಸ್‌ಗೆ ಪರೀಕ್ಷೆಯ ಮೂಲಕ ಪ್ರತಿ ವರ್ಷ ಸುಮಾರು 180 ಮಂದಿ ಸೇರುತ್ತಾರೆ. ಆರು ವರ್ಷದಲ್ಲಿ 63 ಎಂಬುದು ಅದರ ಮುಂದೆ ಚಿಕ್ಕ ಸಂಖ್ಯೆ. ರಾಜಕೀಯವಾಗಿ ಇಷ್ಟು ದೊಡ್ಡ ಸದ್ದು ಮಾಡಿದ ಯೋಜನೆ ಆಡಳಿತದ ಗಾತ್ರದಲ್ಲಿ ಎಷ್ಟು ಸಣ್ಣದು ಎಂಬುದಕ್ಕೆ ಈ ಹೋಲಿಕೆ ಸಾಕು.

ಮೀಸಲಾತಿ ತಕರಾರು ಏನು?

ಒಂದೇ ಹುದ್ದೆ ಇರುವ ಕಡೆ ಮೀಸಲಾತಿ ಕೊಟ್ಟರೆ ಅದು ಶೇ 100ರಷ್ಟು ಮೀಸಲಾತಿ ಆಗುತ್ತದೆ, ಹಾಗಾಗಿ ಕೂಡದು ಎಂದು ಸುಪ್ರೀಂ ಕೋರ್ಟ್ 1998ರಲ್ಲಿ ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ಪ್ರಕರಣದಲ್ಲಿ ಹೇಳಿತ್ತು. ಲ್ಯಾಟರಲ್ ಎಂಟ್ರಿಯಲ್ಲಿ ಪ್ರತಿ ಸಚಿವಾಲಯದ ಪ್ರತಿ ಹುದ್ದೆಯನ್ನೂ ಬೇರೆ ಬೇರೆ 'ಏಕ ಹುದ್ದೆ' ಎಂದು ಲೆಕ್ಕ ಹಾಕಲಾಯಿತು. ಅಲ್ಲಿಗೆ ಮೀಸಲಾತಿಯ ಪ್ರಶ್ನೆಯೇ ಏಳಲಿಲ್ಲ.

ವಿರೋಧಿಸಿದವರ ಲೆಕ್ಕ ಬೇರೆ. 45 ಹುದ್ದೆಗಳಿಗೂ ಒಂದೇ ಜಾಹೀರಾತು, ಒಂದೇ ಆಯೋಗ, ಒಂದೇ ವಿಧಾನ. ಅವನ್ನು ಒಂದೇ ಗುಂಪಾಗಿ ನೋಡಿದರೆ ಪರಿಶಿಷ್ಟ ಜಾತಿಗೆ ಶೇ 15, ಪರಿಶಿಷ್ಟ ಪಂಗಡಕ್ಕೆ ಶೇ 7.5, ಹಿಂದುಳಿದ ವರ್ಗಕ್ಕೆ ಶೇ 27, ಆರ್ಥಿಕವಾಗಿ ದುರ್ಬಲ ವರ್ಗಕ್ಕೆ ಶೇ 10ರಂತೆ ಸುಮಾರು 25 ಹುದ್ದೆಗಳು ಮೀಸಲಾಗಬೇಕಿತ್ತು. ಬಿಡಿ ಬಿಡಿಯಾಗಿ ಎಣಿಸಿದರೆ ಸೊನ್ನೆ, ಒಟ್ಟಾಗಿ ಎಣಿಸಿದರೆ 25. ವಿವಾದದ ತಿರುಳು ಇಷ್ಟೇ.

ಭಾಷೆಯ ಪ್ರಶ್ನೆಯೂ ಇಲ್ಲಿದೆ. 1979ರಿಂದ ಸಿವಿಲ್ ಸರ್ವೀಸ್ ಮುಖ್ಯ ಪರೀಕ್ಷೆಯನ್ನು ಕನ್ನಡವೂ ಸೇರಿ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ ಬರೆಯಲು ಅವಕಾಶವಿದೆ. ಊರಿನ ಕನ್ನಡ ಶಾಲೆಯಲ್ಲಿ ಓದಿದವರು ಜಿಲ್ಲಾಧಿಕಾರಿಯಾದದ್ದು ಈ ಬಾಗಿಲಿನಿಂದ. ದೊಡ್ಡ ಕಂಪನಿಯಲ್ಲಿ 15 ವರ್ಷ ಹಿರಿಯ ಹುದ್ದೆಯಲ್ಲಿದ್ದವರನ್ನು ಹುಡುಕುವ ಬಾಗಿಲು ಸಹಜವಾಗಿಯೇ ಬೇರೆ ವರ್ಗದವರಿಗೆ ಹತ್ತಿರವಾಗಿರುತ್ತದೆ. ಇದನ್ನು ಸರಿದೂಗಿಸುವ ಏರ್ಪಾಡು ನಿಯಮದಲ್ಲೇ ಇರಬೇಕು ಎಂಬ ವಾದಕ್ಕೆ ಬಲ ಬಂದದ್ದು ಇದರಿಂದಲೇ.

ಅಂಕ ಕೊಡುವವರು ಯಾರು? ಮೌಲ್ಯಮಾಪನದ ಕಥೆ

ಹೊರಗಿನಿಂದ ಬಂದವರ ಅವಧಿ ವಿಸ್ತರಣೆ ಕೆಲಸದ ಮೇಲೆ ನಿಂತಿದೆ. ಹಾಗಾದರೆ ಕೆಲಸವನ್ನು ಅಳೆಯುವುದು ಹೇಗೆ?

ಬಹುಕಾಲ ಸರ್ಕಾರಿ ನೌಕರರ ಭವಿಷ್ಯ 'ಗೌಪ್ಯ ವರದಿ'ಯಲ್ಲಿ ಅಡಗಿರುತ್ತಿತ್ತು. ಮೇಲಧಿಕಾರಿ ಏನು ಬರೆದರು ಎಂಬುದು, ತೀರಾ ಕೆಟ್ಟ ಷರಾ ಇದ್ದರೆ ಮಾತ್ರ ನೌಕರನಿಗೆ ತಿಳಿಯುತ್ತಿತ್ತು. 2007ರಲ್ಲಿ ಅಖಿಲ ಭಾರತ ಸೇವೆಗಳಿಗೆ ಹೊಸ ನಿಯಮ ಬಂತು. ಗೌಪ್ಯ ವರದಿ ಹೋಗಿ ಕಾರ್ಯನಿರ್ವಹಣಾ ಮೌಲ್ಯಮಾಪನ ವರದಿ ಬಂತು. ಅಧಿಕಾರಿ ತನ್ನ ಕೆಲಸವನ್ನು ತಾನೇ ಮೊದಲು ಬರೆಯುತ್ತಾನೆ. ನಂತರ ವರದಿ ಮಾಡುವ, ಪರಿಶೀಲಿಸುವ ಮತ್ತು ಅಂಗೀಕರಿಸುವ ಮೂರು ಹಂತದ ಮೇಲಧಿಕಾರಿಗಳು 1ರಿಂದ 10ರ ಶ್ರೇಣಿಯಲ್ಲಿ ಅಂಕ ನೀಡುತ್ತಾರೆ. ಮಾಡಿದ ಕೆಲಸಕ್ಕೆ ಶೇ 40, ವೈಯಕ್ತಿಕ ಗುಣಗಳಿಗೆ ಶೇ 30, ಕಾರ್ಯಸಾಮರ್ಥ್ಯಕ್ಕೆ ಶೇ 30ರಷ್ಟು ತೂಕ.

ದೊಡ್ಡ ತಿರುವು ಕೊಟ್ಟದ್ದು 2008ರ ಮೇ ತಿಂಗಳ ದೇವದತ್ತ ಪ್ರಕರಣದ ತೀರ್ಪು. ಗಡಿ ರಸ್ತೆ ಸಂಸ್ಥೆಯ ಎಂಜಿನಿಯರ್ ಒಬ್ಬರಿಗೆ ಒಂದು ವರ್ಷ 'ಉತ್ತಮ' ಎಂಬ ಷರಾ ಸಿಕ್ಕಿತ್ತು. ಬಡ್ತಿಗೆ 'ಅತ್ಯುತ್ತಮ' ಬೇಕಿತ್ತು. 'ಉತ್ತಮ' ಕೆಟ್ಟ ಷರಾ ಅಲ್ಲವಾದ್ದರಿಂದ ಅದನ್ನು ಅವರಿಗೆ ತಿಳಿಸಿರಲಿಲ್ಲ, ಬಡ್ತಿಯೂ ತಪ್ಪಿತು. ಒಳ್ಳೆಯದಿರಲಿ, ಕೆಟ್ಟದಿರಲಿ, ಪ್ರತಿಯೊಂದು ಷರಾವನ್ನೂ ನೌಕರನಿಗೆ ತಿಳಿಸಲೇಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. 2009ರಲ್ಲಿ ಕೇಂದ್ರ ಸಿಬ್ಬಂದಿ ಇಲಾಖೆ ಇಡೀ ವರದಿಯನ್ನು ನೌಕರನಿಗೆ ಕೊಡಬೇಕು, ಆಕ್ಷೇಪಕ್ಕೆ 15 ದಿನ ಅವಕಾಶ ಇರಬೇಕು ಎಂದು ಆದೇಶಿಸಿತು. ಈಗ ಇದೆಲ್ಲ 'ಸ್ಪ್ಯಾರೋ' ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ನಡೆಯುತ್ತದೆ.

ಪಾರದರ್ಶಕತೆ ಬಂತು, ಆದರೆ ಹೊಸ ಸಮಸ್ಯೆಯೂ ಬಂತು. ಕಡಿಮೆ ಅಂಕ ಕೊಟ್ಟರೆ ಆಕ್ಷೇಪ, ಮನಸ್ತಾಪ, ಕೋರ್ಟು. ಹಾಗಾಗಿ ಹೆಚ್ಚಿನವರಿಗೆ 9ರ ಆಸುಪಾಸಿನ ಅಂಕ ಕೊಟ್ಟು ಕೈತೊಳೆದುಕೊಳ್ಳುವ ಪ್ರವೃತ್ತಿ ಬೆಳೆಯಿತು. ತರಗತಿಯಲ್ಲಿ ಎಲ್ಲರಿಗೂ ಡಿಸ್ಟಿಂಕ್ಷನ್ ಬಂದರೆ ಯಾರು ಓದಿದ್ದಾರೆ ಎಂಬುದು ತಿಳಿಯುವುದಿಲ್ಲ.

ಇದಕ್ಕೆ ಪರ್ಯಾಯವಾಗಿ 2015ರ ವೇಳೆಗೆ ಜಂಟಿ ಕಾರ್ಯದರ್ಶಿ ಮತ್ತು ಮೇಲಿನ ಹುದ್ದೆಗಳ ಆಯ್ಕೆಗೆ '360 ಡಿಗ್ರಿ' ವಿಧಾನ ತರಲಾಯಿತು. ಮೇಲಧಿಕಾರಿ ಮಾತ್ರವಲ್ಲ, ಸಹೋದ್ಯೋಗಿಗಳು, ಕೆಳಗಿನ ಸಿಬ್ಬಂದಿಯ ಅಭಿಪ್ರಾಯವನ್ನೂ ಕೇಳಲಾಗುತ್ತದೆ. ಆದರೆ ಈ ಅಭಿಪ್ರಾಯ ಸಂಗ್ರಹ ಅನೌಪಚಾರಿಕವಾಗಿದೆ, ಪಾರದರ್ಶಕವಾಗಿಲ್ಲ ಎಂದು 2017ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಟೀಕಿಸಿತು. ಒಂದು ವಿಧಾನದಲ್ಲಿ ಎಲ್ಲವೂ ಬಯಲು, ಆದರೆ ಅಂಕಕ್ಕೆ ಬೆಲೆಯಿಲ್ಲ. ಇನ್ನೊಂದರಲ್ಲಿ ಅಭಿಪ್ರಾಯಕ್ಕೆ ಬೆಲೆಯಿದೆ, ಆದರೆ ಅದು ಗುಟ್ಟು.

ಎರಡರಲ್ಲೂ ಕಾಣೆಯಾಗಿರುವುದು ಕೌಂಟರ್ ಮುಂದೆ ನಿಂತ ನಾಗರಿಕ. ವಡಾಲದ ಆರ್‌ಟಿಒದಲ್ಲಿ ಕೆಲಸ ಮುಗಿಸಿ ಹೊರಬರುವ ಚಾಲಕನನ್ನು ಯಾರ ಮೌಲ್ಯಮಾಪನ ನಮೂನೆಯೂ ಪ್ರಶ್ನೆ ಕೇಳುವುದಿಲ್ಲ.

ತರಬೇತಿ: ಮಸ್ಸೂರಿಯಿಂದ ಕರ್ಮಯೋಗಿವರೆಗೆ

ಐಎಎಸ್ ಅಧಿಕಾರಿಗಳ ತರಬೇತಿ ಎಂದರೆ 1959ರಲ್ಲಿ ಸ್ಥಾಪನೆಯಾದ ಮಸ್ಸೂರಿಯ ಅಕಾಡೆಮಿ ನೆನಪಾಗುತ್ತದೆ. ಕರ್ನಾಟಕದವರಿಗೆ ಮೈಸೂರಿನ ಲಲಿತಮಹಲ್ ರಸ್ತೆಯ ಆಡಳಿತ ತರಬೇತಿ ಸಂಸ್ಥೆ, ಮಹಾರಾಷ್ಟ್ರದವರಿಗೆ ಪುಣೆಯ ಯಶದಾ. ಪಾಲಿಕೆ ನೌಕರರಿಗಾಗಿ ಮುಂಬೈಯಲ್ಲಿ 1926ರಿಂದಲೂ ಅಖಿಲ ಭಾರತ ಸ್ಥಳೀಯ ಸ್ವಯಂ ಆಡಳಿತ ಸಂಸ್ಥೆ ಕೆಲಸ ಮಾಡುತ್ತಿದೆ. ಆದರೆ ಗುಮಾಸ್ತ, ಇನ್‌ಸ್ಪೆಕ್ಟರ್, ಕೌಂಟರ್ ಸಿಬ್ಬಂದಿಯಲ್ಲಿ ಬಹುಪಾಲು ಜನರಿಗೆ ಕೆಲಸಕ್ಕೆ ಸೇರಿದಾಗಿನ ತರಬೇತಿಯೇ ಮೊದಲು, ಅದೇ ಕೊನೆ.

ಈ ಕೊರತೆ ನೀಗಿಸಲು ಕೇಂದ್ರ ಸಂಪುಟ 2020ರ ಸೆಪ್ಟೆಂಬರ್ 2ರಂದು 'ಮಿಷನ್ ಕರ್ಮಯೋಗಿ'ಗೆ ಒಪ್ಪಿಗೆ ಕೊಟ್ಟಿತು. ಸುಮಾರು 46 ಲಕ್ಷ ಕೇಂದ್ರ ನೌಕರರಿಗಾಗಿ ಐದು ವರ್ಷಕ್ಕೆ 510.86 ಕೋಟಿ ರೂಪಾಯಿ ನಿಗದಿಯಾಯಿತು. ಲೆಕ್ಕ ಹಾಕಿದರೆ ಐದು ವರ್ಷಕ್ಕೆ ತಲಾ ಸುಮಾರು 1,100 ರೂಪಾಯಿ. ನೌಕರರು ಮೊಬೈಲ್‌ನಲ್ಲೇ 'ಐಗಾಟ್' ವೇದಿಕೆಯ ಕೋರ್ಸ್‌ಗಳನ್ನು ಮಾಡಬಹುದು. ನಿಯಮ ತಿಳಿದರೆ ಸಾಕು ಎಂಬಲ್ಲಿಂದ, ಆ ಹುದ್ದೆಯ ಪಾತ್ರಕ್ಕೆ ತಕ್ಕ ಸಾಮರ್ಥ್ಯ ಬೇಕು ಎಂಬಲ್ಲಿಗೆ ಹೋಗುವುದು ಇದರ ಉದ್ದೇಶ.

2021ರಲ್ಲಿ ಇದರ ಮೇಲುಸ್ತುವಾರಿಗೆ ಸಾಮರ್ಥ್ಯ ವರ್ಧನೆ ಆಯೋಗ ರಚನೆಯಾಯಿತು. ಆಗ ಅಧ್ಯಕ್ಷರಾದ ಆದಿಲ್ ಜೈನುಲ್‌ಭಾಯ್ ಮೆಕಿನ್ಸಿ ಸಂಸ್ಥೆಯಲ್ಲಿದ್ದವರು. ಸದಸ್ಯರಲ್ಲಿ ಒಬ್ಬರು ಡಾ. ಆರ್. ಬಾಲಸುಬ್ರಹ್ಮಣ್ಯಂ. ಎಚ್.ಡಿ. ಕೋಟೆಯ ಆದಿವಾಸಿಗಳ ನಡುವೆ 1984ರಿಂದ ಕೆಲಸ ಮಾಡಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನ ಸ್ಥಾಪಕರು. ಇಬ್ಬರೂ ಸರ್ಕಾರದ ಹೊರಗಿನಿಂದ ಬಂದವರು, ಆದರೆ ಅವರಿಗೆ ವಹಿಸಿದ್ದು ಒಳಗಿನವರನ್ನು ಬೆಳೆಸುವ ಕೆಲಸ. ಹೊರಗಿನ ಪರಿಣತಿಯನ್ನು ಬಳಸಲು ಕುರ್ಚಿ ಬದಲಿಸುವುದೊಂದೇ ದಾರಿಯಲ್ಲ.

ಮೊನೊರೈಲು ಹೇಳುವ ಪಾಠ

ಹೊರಗಿನ ಪರಿಣತಿ ಬಂದರೂ ಒಳಗೆ ಅದು ಬೇರೂರದಿದ್ದರೆ ಏನಾಗುತ್ತದೆ ಎಂಬುದಕ್ಕೆ ವಡಾಲದಲ್ಲೇ ಉದಾಹರಣೆ ಇದೆ. ಚೆಂಬೂರಿನಿಂದ ವಡಾಲಕ್ಕೆ 2014ರ ಫೆಬ್ರವರಿಯಲ್ಲಿ ಸ್ವತಂತ್ರ ಭಾರತದ ಮೊದಲ ಮೊನೊರೈಲು ಓಡಿತು. ತಂತ್ರಜ್ಞಾನ ಮತ್ತು ರೈಲುಗಳು ಮಲೇಷ್ಯಾ ಕಂಪನಿಯದ್ದು, ಆರಂಭದಲ್ಲಿ ಓಡಿಸುವ ಜವಾಬ್ದಾರಿಯೂ ಗುತ್ತಿಗೆದಾರರದ್ದೇ. 2017ರ ನವೆಂಬರ್ 9ರಂದು ಮೈಸೂರು ಕಾಲೊನಿ ನಿಲ್ದಾಣದಲ್ಲಿ ಬೋಗಿಗಳಿಗೆ ಬೆಂಕಿ ಬಿತ್ತು. ಸುಮಾರು ಹತ್ತು ತಿಂಗಳು ಸಂಚಾರ ನಿಂತಿತು. 2018ರ ಡಿಸೆಂಬರ್‌ನಲ್ಲಿ ಎಂಎಂಆರ್‌ಡಿಎ ಗುತ್ತಿಗೆ ಮುಗಿಸಿ ತಾನೇ ಓಡಿಸಲು ನಿಂತಿತು. 2019ರ ಮಾರ್ಚ್‌ನಲ್ಲಿ ಎರಡನೇ ಹಂತವೂ ತೆರೆಯಿತು. ಆದರೆ ಬೇರೆಯವರು ಕಟ್ಟಿ, ಬೇರೆಯವರು ಓಡಿಸಿದ ರೈಲನ್ನು ಕಲಿತುಕೊಂಡು ನಡೆಸುವುದು ಸುಲಭವಿರಲಿಲ್ಲ.

2025ರ ಆಗಸ್ಟ್ 19ರ ಭಾರೀ ಮಳೆಯಲ್ಲಿ ಹಾರ್ಬರ್ ಮಾರ್ಗದ ಲೋಕಲ್ ರೈಲುಗಳು ನಿಂತಾಗ ಜನ ಮೊನೊರೈಲಿಗೆ ಮುಗಿಬಿದ್ದರು. ಮೈಸೂರು ಕಾಲೊನಿ ಮತ್ತು ವಡಾಲದ ಭಕ್ತಿ ಪಾರ್ಕ್ ನಡುವೆ ರೈಲು ನಿಂತುಹೋಯಿತು. 500ಕ್ಕೂ ಹೆಚ್ಚು ಪ್ರಯಾಣಿಕರನ್ನು ಅಗ್ನಿಶಾಮಕ ಸಿಬ್ಬಂದಿ ಏಣಿ ಹಾಕಿ ಇಳಿಸಬೇಕಾಯಿತು. ಮುಂದಿನ ತಿಂಗಳು, ಸೆಪ್ಟೆಂಬರ್ 20ರಿಂದ, ಮೇಲ್ದರ್ಜೆಗೇರಿಸುವ ಕೆಲಸಕ್ಕಾಗಿ ಸಂಚಾರ ನಿಲ್ಲಿಸಲಾಯಿತು. ಮಿತಿ ಮೀರಿ ಜನ ಹತ್ತಿದಾಗ ಬಾಗಿಲು ಮುಚ್ಚಿಸುವ ತೀರ್ಮಾನ ದೊಡ್ಡ ತಜ್ಞರದ್ದಲ್ಲ, ನಿಲ್ದಾಣದಲ್ಲಿ ಇರುವ ಸಿಬ್ಬಂದಿಯದ್ದು. ಅವರಿಗೆ ತರಬೇತಿಯೂ ಬೇಕು, ಹಾಗೆ ಮಾಡುವ ಅಧಿಕಾರವೂ ಬೇಕು.

ಕೆಳಗಿನ ಹಂತದಲ್ಲಿ ಹೊರಗಿನವರು ಬರುವುದು ಗುತ್ತಿಗೆಯ ಹೆಸರಿನಲ್ಲಿ. ಬೆಸ್ಟ್ ಈಗ ಚಾಲಕರ ಸಮೇತ ಬಸ್‌ಗಳನ್ನು ಖಾಸಗಿಯವರಿಂದ ಬಾಡಿಗೆಗೆ ಪಡೆಯುತ್ತದೆ. 2023ರ ಆಗಸ್ಟ್‌ನಲ್ಲಿ ಈ ಗುತ್ತಿಗೆ ನೌಕರರು ಸಂಬಳ ಹೆಚ್ಚಳಕ್ಕಾಗಿ ಮುಷ್ಕರ ಹೂಡಿದಾಗ ಮುಂಬೈ ಪರದಾಡಿತು. 2024ರ ಡಿಸೆಂಬರ್ 9ರಂದು ಕುರ್ಲಾದಲ್ಲಿ ಬಾಡಿಗೆ ವಿದ್ಯುತ್ ಬಸ್ಸೊಂದು ಜನರ ಮೇಲೆ ಹರಿದು ಹಲವರು ಮೃತಪಟ್ಟ ನಂತರ, ಇಂಥ ಚಾಲಕರಿಗೆ ಎಷ್ಟು ತರಬೇತಿ ಸಿಗುತ್ತದೆ ಎಂಬ ಪ್ರಶ್ನೆ ಜೋರಾಗಿ ಎದ್ದಿತು. ಮೇಲಿನ 45 ಹುದ್ದೆಗಳಿಗೆ ಯುಪಿಎಸ್‌ಸಿ ಸಂದರ್ಶನ, ಕೆಳಗಿನ ಸಾವಿರಾರು ಹುದ್ದೆಗಳಿಗೆ ಟೆಂಡರ್. ಮೊದಲನೆಯದು ಮೂರು ದಿನ ದೇಶದ ಸುದ್ದಿಯಾಗುತ್ತದೆ, ಎರಡನೆಯದು ಅಪಘಾತವಾದಾಗ ಮಾತ್ರ.

ಕರ್ನಾಟಕದ ಮಾದರಿ: ಭೂಮಿ ಮತ್ತು ಸಕಾಲ

ಹೊರಗಿನವರನ್ನೇ ಮೇಲೆ ಕೂರಿಸದೆ ಬದಲಾವಣೆ ತಂದ ಉದಾಹರಣೆ ಕರ್ನಾಟಕದ 'ಭೂಮಿ' ಯೋಜನೆ. 2000ದ ಸುಮಾರಿಗೆ 177 ತಾಲ್ಲೂಕುಗಳಲ್ಲಿ ಪಹಣಿ ಕಂಪ್ಯೂಟರಿಗೆ ಬಂತು. ಪಹಣಿಗಾಗಿ ಗ್ರಾಮ ಲೆಕ್ಕಿಗರ ಹಿಂದೆ ಸುತ್ತುವುದು ತಪ್ಪಿ, 15 ರೂಪಾಯಿ ಕೊಟ್ಟು ತಾಲ್ಲೂಕು ಕಚೇರಿಯ ಕೌಂಟರ್‌ನಲ್ಲಿ ಪಡೆಯುವಂತಾಯಿತು. ಖಾತೆ ಬದಲಾವಣೆ ಅರ್ಜಿಗಳನ್ನು ಬಂದ ಕ್ರಮದಲ್ಲೇ ವಿಲೇವಾರಿ ಮಾಡಬೇಕಾಗಿತ್ತು. ಯೋಜನೆಯನ್ನು ಮುನ್ನಡೆಸಿದವರು ಕಂದಾಯ ಇಲಾಖೆಯ ಒಳಗಿನವರೇ, ನಡೆಸಿದವರು ತರಬೇತಿ ಪಡೆದ ಅದೇ ಇಲಾಖೆಯ ಸಿಬ್ಬಂದಿ.

ನಂತರ 2011ರ ಕಾಯ್ದೆಯ ಮೇಲೆ 2012ರ ಏಪ್ರಿಲ್ 2ರಿಂದ 'ಸಕಾಲ' ಬಂತು. ನಿಗದಿತ ದಿನದೊಳಗೆ ಸೇವೆ ಸಿಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಅರ್ಜಿದಾರನಿಗೆ ಪರಿಹಾರ. ಮೊತ್ತ ಸಣ್ಣದಾದರೂ ತಡವಾಯಿತು ಎಂಬುದು ದಾಖಲಾಗುತ್ತದೆ.

ಮಹಾರಾಷ್ಟ್ರದಲ್ಲೂ 2015ರಿಂದ ಸಾರ್ವಜನಿಕ ಸೇವಾ ಹಕ್ಕು ಕಾಯ್ದೆ ಇದೆ. ಮುಂಬೈ ಕನ್ನಡಿಗರು ಇದನ್ನು ತಿಳಿದಿರುವುದು ಒಳ್ಳೆಯದು:

* ಅಧಿಸೂಚಿತ ಸೇವೆಗಳಿಗೆ ಅರ್ಜಿ ಕೊಟ್ಟಾಗ ಸ್ವೀಕೃತಿ ಮತ್ತು ಸೇವೆ ಸಿಗುವ ದಿನಾಂಕ ಕೇಳಿ ಪಡೆಯಿರಿ.

* ಅನೇಕ ಸೇವೆಗಳಿಗೆ 'ಆಪ್ಲೆ ಸರ್ಕಾರ್' ಪೋರ್ಟಲ್‌ನಲ್ಲೂ ಅರ್ಜಿ ಹಾಕಬಹುದು.

* ತಡವಾದರೆ ಅಥವಾ ಕಾರಣವಿಲ್ಲದೆ ತಿರಸ್ಕರಿಸಿದರೆ ಮೊದಲ ಮತ್ತು ಎರಡನೇ ಮೇಲ್ಮನವಿ ಇಲಾಖೆಯೊಳಗೆ, ಮೂರನೆಯದು ಸೇವಾ ಹಕ್ಕು ಆಯೋಗಕ್ಕೆ.

* ತಪ್ಪಿತಸ್ಥ ಅಧಿಕಾರಿಗೆ 500ರಿಂದ 5,000 ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ.

ಹೊರದೇಶಗಳಲ್ಲಿ ಹೇಗಿದೆ?

ಪರೀಕ್ಷೆಯ ಮೂಲಕ ನೇಮಕ ಎಂಬುದೇ ಒಂದು ಕಾಲದ ದೊಡ್ಡ ಸುಧಾರಣೆ. ಬ್ರಿಟನ್‌ನಲ್ಲಿ ಶಿಫಾರಸಿನ ನೇಮಕಾತಿಗೆ ಕಡಿವಾಣ ಹಾಕಲು 1854ರಲ್ಲಿ ನಾರ್ತ್‌ಕೋಟ್–ಟ್ರೆವೆಲ್ಯನ್ ವರದಿ ಬಂತು. ಅಮೆರಿಕದಲ್ಲಿ 1883ರ ಪೆಂಡಲ್ಟನ್ ಕಾಯ್ದೆ ಅದೇ ಕೆಲಸ ಮಾಡಿತು. ಸಂದರ್ಶನ ಮಾತ್ರದ ನೇಮಕಾತಿ ಮತ್ತೆ 'ನಮ್ಮವರಿಗೆ' ಬಾಗಿಲಾಗಬಹುದು ಎಂಬ ಇಂದಿನ ಭಯಕ್ಕೆ ಈ ಇತಿಹಾಸವೇ ಹಿನ್ನೆಲೆ.

ನ್ಯೂಜಿಲೆಂಡ್ 1988ರಲ್ಲಿ ಇಲಾಖೆಗಳ ಮುಖ್ಯಸ್ಥರನ್ನೇ ಗರಿಷ್ಠ ಐದು ವರ್ಷದ ಒಪ್ಪಂದದ ಮೇಲೆ ನೇಮಿಸುವ ಕಾನೂನು ಮಾಡಿತು. ಒಳಗಿನವರು, ಹೊರಗಿನವರು ಇಬ್ಬರೂ ಸ್ಪರ್ಧಿಸಬಹುದು. ಅಲ್ಲಿ ಹೊರಗಿನವರಿಗೆ ಒಂದು ನಿಯಮ, ಒಳಗಿನವರಿಗೆ ಇನ್ನೊಂದು ಎಂಬುದಿಲ್ಲ. ಆದರೆ ಭಾರತದಲ್ಲಿ ಹೊರಗಿನಿಂದ ಬಂದವರಿಗೆ ಮೂರು ವರ್ಷದ ಗಡುವು, ಅದೇ ಸಾಲಿನ ಪಕ್ಕದ ಕೋಣೆಯಲ್ಲಿ ಕುಳಿತವರಿಗೆ ನಿವೃತ್ತಿವರೆಗೆ ಭದ್ರತೆ.

ಮುಂದೇನು?

ಹೊರಗಿನಿಂದ ತಜ್ಞರನ್ನು ಕರೆತರುವುದು ತಪ್ಪಲ್ಲ. ಆಧಾರ್ ಯೋಜನೆಯಲ್ಲಿ ನಿಲೇಕಣಿ ಅವರ ಜೊತೆ ಅನುಭವಿ ಐಎಎಸ್ ಅಧಿಕಾರಿಗಳೂ ಇದ್ದುದರಿಂದಲೇ 2010ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರದ ನಂದುರಬಾರ್ ಜಿಲ್ಲೆಯ ಹಳ್ಳಿಯಲ್ಲಿ ಮೊದಲ ಸಂಖ್ಯೆ ವಿತರಣೆಯಾಯಿತು. ಒಳಗಿನವರು ದಾರಿ ತಿಳಿದವರು, ಹೊರಗಿನವರು ಹೊಸ ದಾರಿ ಕಂಡವರು. ಇಬ್ಬರೂ ಬೇಕು.

ಆದರೆ ಬಾಗಿಲು ತೆರೆಯುವ ಮೊದಲು ಮೂರು ವಿಷಯ ಸ್ಪಷ್ಟವಾಗಬೇಕು. ಒಂದು, ಮೀಸಲಾತಿಯ ಲೆಕ್ಕ ಜಾಹೀರಾತಿನ ಮೊದಲೇ ತೀರ್ಮಾನವಾಗಬೇಕು. ಎರಡು, ಮೂರು ವರ್ಷದ ನಂತರ ಯಾರು ಏನು ಸಾಧಿಸಿದರು ಎಂಬ ವರದಿ ಜನರಿಗೆ ಸಿಗಬೇಕು. ಮೂರು, ಹೊರಗಿನವರು ಹೋದ ಮೇಲೂ ಅವರ ಪರಿಣತಿ ಕಚೇರಿಯಲ್ಲಿ ಉಳಿಯುವಂತೆ ಒಳಗಿನವರಿಗೆ ಕಲಿಸುವ ಜವಾಬ್ದಾರಿ ಅವರ ಕೆಲಸದ ಭಾಗವಾಗಬೇಕು. ಮೊಯಿಲಿ ಆಯೋಗ ಕೇಳಿದ ಸ್ವತಂತ್ರ ಪ್ರಾಧಿಕಾರ ಈ ಮೂರನ್ನೂ ಒಂದೇ ಕಡೆ ನೋಡಬಹುದಿತ್ತು.

ಲೈಸೆನ್ಸ್ ನವೀಕರಣಕ್ಕೆ ವಡಾಲದ ಆರ್‌ಟಿಒಗೆ ಬರುವ ಟ್ರಕ್ ಚಾಲಕನಿಗೆ ದೆಹಲಿಯ ಜಂಟಿ ಕಾರ್ಯದರ್ಶಿ ಪರೀಕ್ಷೆ ಬರೆದು ಬಂದವರೋ, ಕಂಪನಿಯಿಂದ ಬಂದವರೋ ಎಂಬುದು ಮುಖ್ಯವಲ್ಲ. ತನ್ನ ಕೆಲಸ ಹೇಳಿದ ದಿನ, ಮಧ್ಯವರ್ತಿಯಿಲ್ಲದೆ ಆಯಿತೇ ಎಂಬುದಷ್ಟೇ ಅವನಿಗೆ ಬೇಕು. ಒಂದು ದಿನದ ದುಡಿಮೆ ಬಿಟ್ಟು ಬಂದವನ ಆ ಉತ್ತರ ಅಧಿಕಾರಿಗಳ ಮೌಲ್ಯಮಾಪನ ವರದಿಯಲ್ಲಿ ದಾಖಲಾಗುವ ತನಕ ಸುಧಾರಣೆ ಅರ್ಧವೇ ಆಗಿರುತ್ತದೆ.